ಗಾಜಿನ ಆಚೆ ಇದ್ದ ಯಂತ್ರ: ಖಾಸಗಿ ವಿಶ್ವವಿದ್ಯಾಲಯದಲ್ಲಿ ನನ್ನ ಎರಡು ವರ್ಷದ ಬಯೋಕೆಮಿಸ್ಟ್ರಿ

ಹೋದ ಬುಧವಾರ ನನ್ನ ನೋ ಡ್ಯೂ ಫಾರ್ಮಿಗೆ ಹನ್ನೊಂದನೇ ಸಹಿ ಬಿತ್ತು. ಗ್ರಂಥಾಲಯ, ಹಾಸ್ಟೆಲ್, ಮೂರು ಲ್ಯಾಬುಗಳು, ಲೆಕ್ಕಪತ್ರ ವಿಭಾಗ, ಪರೀಕ್ಷಾ ವಿಭಾಗ ಎಂದು ಎರಡು ದಿನ ಮಹಡಿ ಹತ್ತಿ ಇಳಿದು ಮುಗಿಸಿದೆ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಬಯೋಕೆಮಿಸ್ಟ್ರಿ (ಜೀವರಸಾಯನಶಾಸ್ತ್ರ), ಜೊತೆಗೆ ಜೀವಿಗಳನ್ನು ಭೌತಶಾಸ್ತ್ರದಿಂದ ಅರಿಯುವ ಬಯೋಫಿಸಿಕ್ಸ್‌ನ ನಾಲ್ಕು ಪತ್ರಿಕೆಗಳು. 2023ರ ಸೆಪ್ಟೆಂಬರಿನಲ್ಲಿ ಶುರುವಾಗಿದ್ದು 2025ರ ಜುಲೈಗೆ ಮುಗಿಯಿತು. ತಿಪಟೂರಿನ ನನ್ನ ಹಳೆ ಕಾಲೇಜಿನ ಜೂನಿಯರ್‌ಗಳು ವಾರಕ್ಕೆ ಒಬ್ಬರಾದರೂ ಫೋನ್ ಮಾಡುತ್ತಾರೆ. "ಅಕ್ಕ, ಸೇರಬಹುದಾ? ಒಟ್ಟು ಎಷ್ಟಾಗುತ್ತೆ? ಗಣಿತ ಬರದಿದ್ರೆ ನಡೆಯುತ್ತಾ?" ಒಬ್ಬೊಬ್ಬರಿಗೂ ಅರ್ಧರ್ಧ ಹೇಳಿ ಇಡುತ್ತಿದ್ದೆ. ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತೇನೆ, ನೆನಪು ಹಸಿಯಾಗಿರುವಾಗಲೇ.

ನಾನು ಬಿಎಸ್ಸಿ ಸೇರಿದ್ದು 2020ರಲ್ಲಿ, ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ). ಕೊರೊನಾ ಕಾಲ. ಮೊದಲ ವರ್ಷದ ಪ್ರಾಕ್ಟಿಕಲ್‌ಗಳನ್ನು ಫೋನಿನ ಪರದೆಯಲ್ಲಿ ನೋಡಿ ರೆಕಾರ್ಡ್ ಬುಕ್ ತುಂಬಿಸಿದ್ದೆವು. ಟೈಟ್ರೇಷನ್‌ನಲ್ಲಿ ಬಣ್ಣ ಬದಲಾಗುವುದನ್ನು ಕಣ್ಣಾರೆ ನೋಡುವ ಮೊದಲೇ ಅದರ ರೀಡಿಂಗ್ ಬರೆದಿದ್ದೆ. ಡಿಗ್ರಿ ಮುಗಿದಾಗ ನನಗೆ ಕಿಣ್ವಗಳ ಬಗ್ಗೆ ಒಂದು ಬಗೆಯ ಹುಚ್ಚು ಇತ್ತು, ಕೈಗೆ ಕೆಲಸ ಮಾತ್ರ ಬರುತ್ತಿರಲಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳ ಬಯೋಕೆಮಿಸ್ಟ್ರಿ ಸೀಟುಗಳು ಕಡಿಮೆ. ನನ್ನ ಅಂಕಕ್ಕೆ ಎರಡು ಕಡೆ ವೇಟಿಂಗ್ ಲಿಸ್ಟ್ ಬಂತು, ಒಂದು ಕಡೆ ಅದೂ ಇಲ್ಲ. ಆಗಲೇ ಖಾಸಗಿಯವರ ಫೋನುಗಳು ಶುರುವಾಗಿದ್ದು.

ಕ್ಯಾಂಪಸ್ ತೋರಿಸಲು ಕರೆದಿದ್ದರು. ಅಪ್ಪ, ನಾನು ಬೆಳಗಿನ ರೈಲು ಹತ್ತಿ ಹೋದೆವು. ಕಟ್ಟಡ ತಣ್ಣಗಿತ್ತು. ಮೂರನೇ ಮಹಡಿಯಲ್ಲಿ ದೊಡ್ಡ ಗಾಜಿನ ಗೋಡೆ, ಅದರ ಹಿಂದೆ ಸಾಲಾಗಿ ಯಂತ್ರಗಳು. ಅಡ್ಮಿಷನ್ ಕೌನ್ಸಿಲರ್ ಒಂದೊಂದಾಗಿ ತೋರಿಸಿದರು: ಇದು ಎಚ್‌ಪಿಎಲ್‌ಸಿ, ಇದು ಫ್ಲೋರಿಮೀಟರ್, ಅದು ಸಿಡಿ ಸ್ಪೆಕ್ಟ್ರೋಮೀಟರ್ (ಸರ್ಕ್ಯುಲರ್ ಡೈಕ್ರೋಯಿಸಂ, ಪ್ರೋಟೀನ್ ಹೇಗೆ ಮಡಿಚಿಕೊಂಡಿದೆ ಎಂದು ಬೆಳಕಿನಿಂದ ನೋಡುವ ಯಂತ್ರ). ಅಪ್ಪ ಗಾಜಿಗೆ ಮುಖ ಒತ್ತಿ ನೋಡಿ, "ಇವೆಲ್ಲ ನಮ್ಮ ಹುಡುಗಿ ಕೈಗೆ ಕೊಡ್ತೀರಾ?" ಅಂದರು. "ಖಂಡಿತ ಸರ್" ಅಂದರು ಅವರು. ಇಡೀ ಎರಡು ವರ್ಷದಲ್ಲಿ ಕೇಳಬೇಕಾಗಿದ್ದ ಸರಿಯಾದ ಪ್ರಶ್ನೆಯನ್ನು ಮೊದಲ ದಿನವೇ ಅಪ್ಪ ಕೇಳಿದ್ದರು. ಉತ್ತರವನ್ನು ಬರವಣಿಗೆಯಲ್ಲಿ ಕೇಳಲು ಮಾತ್ರ ನಮಗೆ ಹೊಳೆಯಲಿಲ್ಲ.

ನೀವು ಹೋದಾಗ ಕೌನ್ಸಿಲರ್ ಹತ್ತಿರ ನಿಲ್ಲಬೇಡಿ. ಎರಡನೇ ವರ್ಷದ ವಿದ್ಯಾರ್ಥಿಗಳು ಊಟಕ್ಕೆ ಬರುವ ಹೊತ್ತಿಗೆ ಕ್ಯಾಂಟೀನಿಗೆ ಹೋಗಿ. ಬ್ಯಾಚಿನಲ್ಲಿ ಎಷ್ಟು ಜನ, ಒಂದು ಪ್ರಯೋಗಕ್ಕೆ ಒಂದು ಗುಂಪಿನಲ್ಲಿ ಎಷ್ಟು ಜನ, ಯಾವ ಯಂತ್ರವನ್ನು ನೀವೇ ಆನ್ ಮಾಡಿದ್ದೀರಿ, ಪ್ರಾಜೆಕ್ಟಿನ ಕೆಮಿಕಲ್ ಖರ್ಚು ಯಾರದ್ದು ಎಂದು ಕೇಳಿ. ಈ ನಾಲ್ಕಕ್ಕೆ ಸಿಗುವ ಉತ್ತರ ಬ್ರೋಷರಿನ ನಲವತ್ತು ಪುಟಕ್ಕಿಂತ ಹೆಚ್ಚು ಹೇಳುತ್ತದೆ.

ಅಂದೇ 25,000 ರೂಪಾಯಿ ಕಟ್ಟಿ ಸೀಟು ಹಿಡಿಯಬೇಕು, ನಾಳೆ ಇರುವುದಿಲ್ಲ ಎಂದರು. ಕಟ್ಟಿದೆವು. ಮೂರು ವಾರದ ನಂತರವೂ ಅದೇ ಸೀಟುಗಳು ಖಾಲಿ ಇದ್ದವು ಎಂದು ಆಮೇಲೆ ಸೇರಿದ ಗೆಳತಿಯಿಂದ ತಿಳಿಯಿತು. ಹಣ ವಾಪಸ್ ಬರುವುದಿಲ್ಲ ಎಂದು ರಸೀದಿಯ ಹಿಂದೆ ಅಚ್ಚಾಗಿತ್ತು, ನಾವು ಅದನ್ನು ನಂಬಿದ್ದೆವು. ಆದರೆ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯುಜಿಸಿ 2018ರಲ್ಲೇ ನಿಯಮ ಮಾಡಿದೆ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಸೀಟು ಬಿಟ್ಟರೆ ಪೂರ್ತಿ ಶುಲ್ಕ ವಾಪಸ್ ಕೊಡಬೇಕು, ಪ್ರಕ್ರಿಯೆಯ ಖರ್ಚೆಂದು ಹೆಚ್ಚೆಂದರೆ 5,000 ರೂಪಾಯಿ ಹಿಡಿಯಬಹುದು. ದಿನ ಕಳೆದಂತೆ ಅದು 90, 80, 50 ಪ್ರತಿಶತಕ್ಕೆ ಇಳಿದು, ಕೊನೆಯ ದಿನಾಂಕ ದಾಟಿ 30 ದಿನವಾದ ಮೇಲೆ ಸೊನ್ನೆಯಾಗುತ್ತದೆ. ಆಯಾ ವರ್ಷದ ಸುತ್ತೋಲೆಯನ್ನೂ ನೋಡಿಕೊಳ್ಳಿ. ಈ ಒಂದು ವಿಷಯ ಗೊತ್ತಿದ್ದಿದ್ದರೆ ಆ ವೇಟಿಂಗ್ ಲಿಸ್ಟಿಗೆ ಇನ್ನೂ ಎರಡು ವಾರ ಧೈರ್ಯವಾಗಿ ಕಾಯುತ್ತಿದ್ದೆ.

ಆಮೇಲೆ ಕಾಗದ. ಆಧಾರ್‌ನಲ್ಲಿ ನನ್ನ ಹೆಸರಿನ ಹಿಂದೆ ಅಪ್ಪನ ಹೆಸರಿನ ಮೊದಲಕ್ಷರ, ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ. ಒಂದೇ ಒಂದು ಅಕ್ಷರದ ಜಾಗ. ಅದಕ್ಕಾಗಿ ಅಫಿಡವಿಟ್, ನೋಟರಿ, ಆಧಾರ್ ತಿದ್ದುಪಡಿ ಎಂದು ಇಪ್ಪತ್ತು ದಿನ ಹೋಯಿತು. ಬ್ಯಾಂಕ್ ಸಾಲ, ವಿದ್ಯಾರ್ಥಿವೇತನ, ಕೊನೆಗೆ ಪದವಿ ಪ್ರಮಾಣಪತ್ರ, ಎಲ್ಲವೂ ಈ ಒಂದು ಅಕ್ಷರಕ್ಕೆ ತಗುಲಿಕೊಳ್ಳುತ್ತವೆ. ಈಗಲೇ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಮೈಗ್ರೇಷನ್ ಸರ್ಟಿಫಿಕೇಟಿಗೆ ಬಿಎಸ್ಸಿ ಮಾಡಿದ ವಿಶ್ವವಿದ್ಯಾಲಯಕ್ಕೆ ಮೂರು ಸಲ ಅಲೆದೆ. ಅರ್ಜಿಗೆ ಟಿಸಿಯ ಮೂಲಪ್ರತಿ ಬೇಕು ಎಂದರು ಹಳೆ ಕಡೆಯವರು. ಟಿಸಿ ಮೂಲಪ್ರತಿ ಇಲ್ಲದೆ ಅಡ್ಮಿಷನ್ ಖಾಯಂ ಆಗುವುದಿಲ್ಲ ಎಂದರು ಹೊಸ ಕಡೆಯವರು. ಕೊನೆಗೆ ಹೊಸ ಕಡೆಯವರಿಂದ 60 ದಿನದ ಗಡುವು ಬರೆಸಿಕೊಂಡು ಮೈಗ್ರೇಷನ್ ಮೊದಲು ತೆಗೆದುಕೊಂಡೆ. ಗಡುವು ಕೊಡುತ್ತಾರೆ, ಬಾಯಿಬಿಟ್ಟು ಕೇಳಬೇಕು ಅಷ್ಟೆ.

ಸಾಲದ ಕಥೆ ಬೇರೆ. 2023 ಎಂದರೆ ನಮ್ಮ ಕಡೆಯವರಿಗೆ ನೆನಪಿರುತ್ತದೆ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹರಾಜಾಗುತ್ತಿತ್ತು. ಅಟ್ಟದ ಮೇಲೆ ಒಂದು ವರ್ಷದ ಕಾಯಿ ಒಣಗಿ ಕೂತಿತ್ತು, ಅಪ್ಪ ಸುಲಿಸಲು ಮನಸ್ಸು ಮಾಡಲಿಲ್ಲ. ಹಾಗಾಗಿ ಶಿಕ್ಷಣ ಸಾಲವೇ ಗತಿ. ಬ್ಯಾಂಕಿನಲ್ಲಿ ಮೊದಲು ಕೇಳಿದ್ದು ಪಹಣಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನವೂ ಬೇಡ, ನಮ್ಮ ಕೈಯಿಂದ ಹಾಕುವ ಮಾರ್ಜಿನ್ನೂ ಬೇಡ. 7.5 ಲಕ್ಷದವರೆಗೆ ಕೇಂದ್ರದ ಗ್ಯಾರಂಟಿ ನಿಧಿಯ ರಕ್ಷಣೆ ಇದೆ. ಅದನ್ನು ಮುದ್ರಿಸಿಕೊಂಡು ಹೋಗಿ ಮೇಜಿನ ಮೇಲಿಟ್ಟೆ. 3 ಲಕ್ಷ 90 ಸಾವಿರಕ್ಕೆ ಅರ್ಜಿ ಹಾಕಿದೆ, 4ರ ಗೆರೆ ದಾಟಬಾರದೆಂದು. "ಎಂಎಸ್ಸಿ ಮಾಡಿದ್ರೆ ಕೆಲಸ ಎಲ್ಲಿ ಸಿಗುತ್ತಮ್ಮ?" ಎಂದು ಕೇಳಿದ ಅಧಿಕಾರಿಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾಲ ಮಂಜೂರಾಗಲು ಏಳು ವಾರ ಹಿಡಿಯಿತು. ಅಷ್ಟರಲ್ಲಿ ಮೊದಲ ಕಂತಿನ ದಿನಾಂಕ ಬಂದು, ಚಿಕ್ಕಪ್ಪನಿಂದ ಕೈಗಡ ತಂದು ಕಟ್ಟಿದೆವು. ಸಾಲಕ್ಕೆ ಪ್ರವೇಶ ಪತ್ರ ಬೇಕು, ಪ್ರವೇಶ ಪತ್ರಕ್ಕೆ ಕಂತು ಬೇಕು. ಈ ನಡುವಿನ ಎರಡು ತಿಂಗಳಿಗೆ ಒಂದು ಲಕ್ಷದಷ್ಟು ಕೈಯಲ್ಲಿರಬೇಕು ಎಂದು ನಮಗೆ ಯಾರೂ ಹೇಳಿರಲಿಲ್ಲ.

ತರಗತಿ ಶುರುವಾಯಿತು. ಬ್ಯಾಚಿನಲ್ಲಿ 27 ಜನ. ಬಯೋಕೆಮಿಸ್ಟ್ರಿ ನನಗೆ ಪರಿಚಿತ ಊರಿನಂತೆ ಇತ್ತು. ಗ್ಲೈಕಾಲಿಸಿಸ್‌ನ ಹತ್ತು ಹಂತ, ಕ್ರೆಬ್ಸ್ ಚಕ್ರ, ಅಮೈನೋ ಆಮ್ಲಗಳು. ರಾತ್ರಿ ಕೂತರೆ ಬಾಯಿಪಾಠ ಬರುತ್ತಿತ್ತು. ಬಯೋಫಿಸಿಕ್ಸ್ ಹಾಗಲ್ಲ. ಮೊದಲ ವಾರವೇ ಮೇಡಂ ಬೋರ್ಡಿನ ಮೇಲೆ ಡೆಲ್ಟಾ ಜಿ (ಮುಕ್ತ ಶಕ್ತಿಯ ಬದಲಾವಣೆ) ಬರೆದು, ಸಮಸ್ಥಿತಿ ಸ್ಥಿರಾಂಕದ ಲಾಗ್ ತೆಗೆದುಕೊಂಡು ಮುಂದಕ್ಕೆ ಹೋದರು. ನಾನು ಲಾಗ್ ಟೇಬಲ್ ಕಡೆಯದಾಗಿ ನೋಡಿದ್ದು ಪಿಯುಸಿಯ ಭೌತಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ. ಮೊದಲ ಇಂಟರ್ನಲ್ಸ್‌ನಲ್ಲಿ 30ಕ್ಕೆ 9. ಆ ಸಂಜೆ ಹಾಸ್ಟೆಲ್ ಟೆರೇಸಿನಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿ, ವಾಪಸ್ ಬಂದುಬಿಡ್ತೀನಿ ಎಂದೆ. ಅಮ್ಮ ಏನೂ ಹೇಳದೆ ಸ್ವಲ್ಪ ಹೊತ್ತು ಫೋನ್ ಹಿಡಿದುಕೊಂಡಿದ್ದರು.

ದಾರಿ ತೋರಿದ್ದು ರೂಮ್‌ಮೇಟ್. ಅವಳು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿ ಬಂದವಳು, ಪ್ರೋಟೀನ್ ಎಂದರೆ ಬೇಳೆ ಎಂಬಲ್ಲಿಗೆ ಅವಳ ಜೀವಶಾಸ್ತ್ರ ನಿಂತಿತ್ತು. ರಾತ್ರಿ ಒಂಬತ್ತರಿಂದ ಹತ್ತು ನಾನು ಅವಳಿಗೆ ಜೀವಕೋಶ, ಹತ್ತರಿಂದ ಹನ್ನೊಂದು ಅವಳು ನನಗೆ ಲಾಗ್, ಡಿಫರೆನ್ಷಿಯೇಷನ್, ಇಳಿಜಾರು. ಬೇಕಾದ ಗಣಿತ ನಾನು ಹೆದರಿದ್ದಷ್ಟು ಇರಲಿಲ್ಲ. ಲಾಗ್ ಮತ್ತು ಎಕ್ಸ್‌ಪೊನೆನ್ಷಿಯಲ್, ನೇರ ಗೆರೆಯ ಸಮೀಕರಣ, ಸರಳ ಡಿಫರೆನ್ಷಿಯೇಷನ್ ಮತ್ತು ಇಂಟಿಗ್ರೇಷನ್, ಸ್ವಲ್ಪ ವೆಕ್ಟರ್. ಪಿಯುಸಿಯ ಗಣಿತ ಪುಸ್ತಕದ ಆರೇಳು ಅಧ್ಯಾಯ. ಡಿಗ್ರಿ ಮುಗಿದು ಎಂಎಸ್ಸಿ ಶುರುವಾಗುವ ನಡುವಿನ ಆ ಎರಡು ತಿಂಗಳು ಇದಕ್ಕೆ ಸಾಕು.

ಒಂದು ದಿನ ಲೆಕ್ಕ ಮಾಡುತ್ತಾ ಕೂತಾಗ ಏನೋ ತೆರೆದಂತಾಯಿತು. ಒಂದು ಪ್ರೋಟೀನನ್ನು ಅದರ ಮಡಿಕೆಯಲ್ಲಿ (ಸರಪಳಿ ಮಡಿಚಿಕೊಂಡ ಆಕಾರದಲ್ಲಿ) ಹಿಡಿದಿಟ್ಟಿರುವ ಶಕ್ತಿ ಸಾಮಾನ್ಯವಾಗಿ ಮೋಲ್‌ಗೆ 5ರಿಂದ 15 ಕಿಲೋಕ್ಯಾಲರಿ ಮಾತ್ರ. ಕೆಲವೇ ಕೆಲವು ಹೈಡ್ರೋಜನ್ ಬಂಧಗಳಷ್ಟು. ನೂರಾರು ಅಮೈನೋ ಆಮ್ಲಗಳ ಆ ಇಡೀ ಜೋಡಣೆ ಬಿಚ್ಚಿಹೋಗುವುದರ ಅಂಚಿನಲ್ಲೇ ನಿಂತಿದೆ. ದೋಸೆ ಕಾವಲಿಯ ಮೇಲೆ ಮೊಟ್ಟೆಯ ಲೋಳೆ ಬೆಳ್ಳಗಾಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದು ಅಷ್ಟು ಸುಲಭವಾಗಿ ಆಗುವುದು ಯಾಕೆಂದು ಆ ಅಂಕಿ ಹೇಳಿತು. ಬಾಯಿಪಾಠ ಮಾಡಿದ ಯಾವ ಚಕ್ರವೂ ನನಗೆ ಆ ಖುಷಿ ಕೊಟ್ಟಿರಲಿಲ್ಲ.

ಮೊದಲ ಸೆಮಿಸ್ಟರ್ ಮುಗಿದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯ ಓಪನ್ ಡೇಗೆ ಹೋದೆವು. ವರ್ಷಕ್ಕೊಮ್ಮೆ ಎಲ್ಲರಿಗೂ ಬಾಗಿಲು ತೆರೆಯುತ್ತಾರೆ, ಪ್ರವೇಶ ಉಚಿತ, ತಪ್ಪದೆ ಹೋಗಿ. ವಿಜ್ಞಾನಿ ಜಿ. ಎನ್. ರಾಮಚಂದ್ರನ್ ಅಲ್ಲಿ 1971ರಲ್ಲಿ ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ನಾನು ನೋಡಲೇಬೇಕಿತ್ತು. ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ತೋರಿಸುವ ನಕ್ಷೆಯನ್ನು ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಪ್ರಕಟಿಸಿದ್ದು 1963ರಲ್ಲಿ, ಮದರಾಸಿನಲ್ಲಿದ್ದಾಗ. ಇವತ್ತಿಗೂ ಯಾವುದೇ ಹೊಸ ಪ್ರೋಟೀನ್ ರಚನೆ ಬಂದರೆ ಆ ನಕ್ಷೆ, ಅಂದರೆ ರಾಮಚಂದ್ರನ್ ಪ್ಲಾಟ್‌ನಲ್ಲಿ ಅದು ಸರಿಯಾಗಿ ಕೂರುತ್ತದೆಯೇ ಎಂದು ನೋಡುತ್ತಾರೆ. ನಮ್ಮ ತರಗತಿಯಲ್ಲಿ ಫೈ, ಸೈ ಎಂಬ ಆ ಕೋನಗಳು ಪರೀಕ್ಷೆಯ ಐದು ಅಂಕದ ಪ್ರಶ್ನೆಯಾಗಿದ್ದವು. ಅಲ್ಲಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಪ್ಲಾಸ್ಟಿಕ್ ಮಾದರಿಯನ್ನು ನನ್ನ ಕೈಗಿಟ್ಟು ತಿರುಗಿಸು ಎಂದ. ಎರಡು ಗುಂಡುಗಳು ಒಂದಕ್ಕೊಂದು ತಾಗಿ ನಿಂತವು, ಮುಂದೆ ಹೋಗಲಿಲ್ಲ. ನಕ್ಷೆಯ ಬಿಳಿ ಜಾಗ (ಸಾಧ್ಯವಿಲ್ಲದ ಕೋನಗಳ ಜಾಗ) ಎಂದರೆ ಇದು ಎಂದು ಬೆರಳಿಗೆ ಗೊತ್ತಾಯಿತು.

ಮರಳಿ ನಮ್ಮ ಲ್ಯಾಬಿಗೆ ಬಂದರೆ ಐವರ ಗುಂಪಿಗೆ ಒಂದು ಪ್ರಯೋಗ, ಇಡೀ ಬ್ಯಾಚಿಗೆ ಕೆಲಸ ಮಾಡುವ ಸ್ಪೆಕ್ಟ್ರೋಫೋಟೋಮೀಟರ್ (ದ್ರಾವಣದ ಬಣ್ಣ ಎಷ್ಟು ಗಾಢ ಎಂದು ಅಳೆಯುವ ಯಂತ್ರ) ಒಂದೇ. ಬ್ರಾಡ್‌ಫರ್ಡ್ ವಿಧಾನದಲ್ಲಿ ಪ್ರೋಟೀನ್ ಅಳೆಯುವಾಗ ಬಣ್ಣ ಬಂದು ಸ್ವಲ್ಪ ಹೊತ್ತಿನೊಳಗೆ 595 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ತೆಗೆಯಬೇಕು. ನಮ್ಮ ಸರದಿ ಬರುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿ, ಬಣ್ಣ ಕ್ಯುವೆಟ್ಟಿನ (ದ್ರಾವಣ ಇಟ್ಟು ಅಳೆಯುವ ಪುಟ್ಟ ಪಾತ್ರೆಯ) ಗೋಡೆಗೆ ಅಂಟಿಕೊಂಡಿರುತ್ತಿತ್ತು. ಪ್ರೋಟೀನುಗಳನ್ನು ಬೇರ್ಪಡಿಸಿ ನೋಡಲು ಜೆಲ್ ಓಡಿಸುವ ದಿನ ಒಬ್ಬರು ಸುರಿಯುವುದು, ನಾಲ್ವರು ನೋಡುವುದು. ಗಾಜಿನ ಹಿಂದಿನ ಯಂತ್ರಗಳು ಎಂಎಸ್ಸಿಯವರಿಗಲ್ಲ, ಪಿಎಚ್‌ಡಿಯವರಿಗೆ ಎಂದು ಎರಡನೇ ಸೆಮಿಸ್ಟರಿನಲ್ಲಿ ತಿಳಿಯಿತು. ಅದರಲ್ಲೂ ಸಿಡಿ ಯಂತ್ರದ ದೀಪ ಸುಟ್ಟು ವರ್ಷವಾಗಿತ್ತು. ನನಗೆ ಆದ ಸಿಟ್ಟು ದೊಡ್ಡದು. ಅಪ್ಪ ಗಾಜಿಗೆ ಮುಖ ಒತ್ತಿ ನಿಂತಿದ್ದು ಕಣ್ಣ ಮುಂದೆ ಬಂತು.

ಸಿಟ್ಟು ಇಳಿದ ಮೇಲೆ ಮಾಡಿದ್ದು ಇಷ್ಟು: ಲ್ಯಾಬ್ ಅಸಿಸ್ಟೆಂಟ್ ಅಣ್ಣನನ್ನು ಕೇಳಿಕೊಂಡು ಶನಿವಾರ ಮಧ್ಯಾಹ್ನ ಲ್ಯಾಬಿಗೆ ಹೋಗತೊಡಗಿದೆ. ಮೊದಮೊದಲು ಬರೀ ನೀರು. ಮೈಕ್ರೋಪಿಪೆಟ್ಟಿನಲ್ಲಿ 100 ಮೈಕ್ರೋಲೀಟರ್ ನೀರು ತೆಗೆದು ತಕ್ಕಡಿಯ ಮೇಲೆ ಬಿಡುವುದು. 100 ಮಿಲಿಗ್ರಾಂ ಬರಬೇಕು. ಮೊದಲ ದಿನ 91, 108, 96. ಒಂದು ತಿಂಗಳಿಗೆ 99, 100, 100. ಆ ಶನಿವಾರಗಳೇ ನನ್ನ ಬಿಎಸ್ಸಿಯ ಪ್ರಾಕ್ಟಿಕಲ್. ಹೀಗೆ ಬಿಡುವಿನ ವೇಳೆ ಲ್ಯಾಬ್ ಬಳಸಲು ವಿಭಾಗದ ಮುಖ್ಯಸ್ಥರಿಗೆ ಒಂದು ಅರ್ಜಿ ಕೊಟ್ಟರೆ ಬಹಳ ಕಡೆ ಒಪ್ಪುತ್ತಾರೆ. ಕೇಳುವವರು ಕಡಿಮೆ.

2024ರ ಅಕ್ಟೋಬರಿನಲ್ಲಿ, ನಮ್ಮ ಮೂರನೇ ಸೆಮಿಸ್ಟರಿನಲ್ಲಿ, ರಸಾಯನಶಾಸ್ತ್ರದ ನೊಬೆಲ್ ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಮೂವರಿಗೆ ಬಂತು. ಪ್ರೋಟೀನಿನ ವಿನ್ಯಾಸಕ್ಕೆ ಒಂದು ಪಾಲು, ರಚನೆಯನ್ನು ಊಹಿಸಿದ್ದಕ್ಕೆ ಇನ್ನೊಂದು. ಮೇಡಂ ಆ ದಿನ ಸಿಲಬಸ್ ಪಕ್ಕಕ್ಕಿಟ್ಟು ಪ್ರೋಟೀನಿನ ರಚನೆ ಊಹಿಸುವ ಆಲ್ಫಾಫೋಲ್ಡ್ ತೆರೆದು ತೋರಿಸಿದರು. ಸಣ್ಣ ಊರಿಂದ ಬಂದವರಿಗೆ ಇದನ್ನು ಒತ್ತಿ ಹೇಳಬೇಕು. 1971ರಲ್ಲಿ ಏಳು ರಚನೆಗಳೊಂದಿಗೆ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ಇವೆ, ಆಲ್ಫಾಫೋಲ್ಡ್ ಸಂಗ್ರಹದಲ್ಲಿ 20 ಕೋಟಿಗೂ ಹೆಚ್ಚು. ಎರಡೂ ಉಚಿತ. ಹಳೆ ಲ್ಯಾಪ್‌ಟಾಪ್ ಒಂದು ಸಾಕು. ಯಾವ ವಿಶ್ವವಿದ್ಯಾಲಯದ ಗಾಜಿನ ಗೋಡೆಯೂ ಅಲ್ಲಿ ಅಡ್ಡ ಬರುವುದಿಲ್ಲ. ನಾನು ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ಮೊಟ್ಟೆಯ ಲೋಳೆಯಲ್ಲಿರುವ ಲೈಸೋಜೈಮ್ ಎಂಬ ಕಿಣ್ವದ 129 ಅಮೈನೋ ಆಮ್ಲಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ.

ಪ್ರಾಜೆಕ್ಟ್ ವಿಷಯಕ್ಕೆ ಗೈಡ್ ಮೂರು ಆಯ್ಕೆ ಕೊಟ್ಟಿದ್ದರು. ನಾನೇ ನಾಲ್ಕನೆಯದನ್ನು ಕೇಳಿದೆ. ಎಳನೀರನ್ನು ಕೊಚ್ಚಿ ಹೊರಗಿಟ್ಟರೆ ಕೆಲವೊಮ್ಮೆ ನಸುಗೆಂಪಾಗುತ್ತದೆ. ನಮ್ಮ ತೋಟದಲ್ಲಿ ನೋಡುತ್ತಲೇ ಬೆಳೆದದ್ದು. ಅದರ ಹಿಂದೆ ಪಾಲಿಫೀನಾಲ್ ಆಕ್ಸಿಡೇಸ್ ಮತ್ತು ಪೆರಾಕ್ಸಿಡೇಸ್ ಎಂಬ ಎರಡು ಕಿಣ್ವಗಳಿವೆ. ಬಾಟಲಿಗೆ ತುಂಬುವವರು ಇವನ್ನು ಕಾಯಿಸಿ ಕೊಲ್ಲಬೇಕು, ಕಾಯಿಸಿದರೆ ರುಚಿ ಹೋಗುತ್ತದೆ. ಪೆರಾಕ್ಸಿಡೇಸ್ ಶಾಖಕ್ಕೆ ಹೇಗೆ ಬಗ್ಗುತ್ತದೆ ಎಂದು ನೋಡುತ್ತೇನೆ ಎಂದೆ. ಗೈಡ್ ಒಪ್ಪಿದರು. "ಕೆಮಿಕಲ್ ಬಜೆಟ್ ತಲೆಗೆ 3,000. ಉಳಿದದ್ದು ನಿನ್ನದು" ಎಂದರು.

ಎಳನೀರಿನಲ್ಲಿ ಪ್ರೋಟೀನ್ ಬಹಳ ಕಡಿಮೆ. ಎರಡು ಲೀಟರ್ ಎಳನೀರು, ಅಮೋನಿಯಂ ಸಲ್ಫೇಟ್, ತಣ್ಣನೆ ಕೋಣೆ, ಡಯಾಲಿಸಿಸ್ ಚೀಲ, ಮೂರು ದಿನ. ಕೊನೆಗೆ ಕೈಗೆ ಬರುವುದು ಒಂದೆರಡು ಮಿಲಿಲೀಟರ್. ಅದಕ್ಕೆ ಗ್ವಾಯಕೋಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಇಟ್ಟಿಗೆ ಬಣ್ಣ ಏಳುತ್ತದೆ, ಅದನ್ನು 470 ನ್ಯಾನೋಮೀಟರಿನಲ್ಲಿ ಅಳೆಯಬೇಕು. ಮೊದಲ ಸಲ ಬಣ್ಣ ಬಂದಾಗ ಅಳು ಬಂದಿತ್ತು. ಗ್ವಾಯಕೋಲಿನ ಹೊಗೆಯಂಥ ವಾಸನೆ ಕೋಟಿನಿಂದ ಇನ್ನೂ ಹೋಗಿಲ್ಲ.

ಒಂದು ವಿಚಿತ್ರ ನಡೆಯಿತು. 70 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ಬಹುಪಾಲು ಸತ್ತಿದ್ದ ಕಿಣ್ವ ಮರುದಿನ ಬೆಳಗ್ಗೆ ಸ್ವಲ್ಪ ಚೇತರಿಸಿಕೊಂಡಿತ್ತು. ಕೊಳವೆ ಅದಲುಬದಲಾಯಿತೆಂದುಕೊಂಡು ಎರಡು ವಾರ ಅದನ್ನೇ ಮತ್ತೆ ಮತ್ತೆ ಮಾಡಿದೆ. ಗೈಡ್‌ಗೆ ಹೇಳಲು ಹೆದರಿಕೆ. ಕೊನೆಗೆ ಹೇಳಿದರೆ ಅವರು ಎದ್ದು ಬಂದು ನೋಡಿದರು. ಪೆರಾಕ್ಸಿಡೇಸ್ ಹಾಗೆ ಮಾಡುತ್ತದಂತೆ, ತಣಿದ ಮೇಲೆ ಒಂದಷ್ಟು ಅಣುಗಳು ಮತ್ತೆ ಮಡಿಚಿಕೊಳ್ಳುತ್ತವೆ, ಆಹಾರ ಸಂಸ್ಕರಣೆಯವರಿಗೆ ಅದು ಹಳೆಯ ತಲೆನೋವು. ಎರಡು ವಾರ ಹೆದರಿ ಬಚ್ಚಿಟ್ಟದ್ದು ನನ್ನ ಥೀಸಿಸ್ಸಿನ ಒಂದು ಇಡೀ ಅಧ್ಯಾಯವಾಯಿತು. ಫಲಿತಾಂಶ ವಿಚಿತ್ರವಾಗಿ ಕಂಡ ದಿನವೇ ಗೈಡ್ ಬಳಿ ಹೋಗಿ.

ಮಡಿಕೆ ಬಿಚ್ಚುವುದನ್ನು ನೇರವಾಗಿ ನೋಡಲು ಸಿಡಿ ಬೇಕಿತ್ತು. ನನ್ನ ಎಳನೀರಿನ ಸಾರ ಶುದ್ಧವಿರಲಿಲ್ಲ, ಬೇರೆ ಪ್ರೋಟೀನುಗಳೂ ಬೆರೆತದ್ದನ್ನು ಅಳೆದರೆ ಅರ್ಥವಿಲ್ಲ. ಹೋಲಿಕೆಗಾಗಿ ಶುದ್ಧ ರೂಪದಲ್ಲಿ ಸಿಗುವ ಹಾರ್ಸ್‌ರ‍್ಯಾಡಿಶ್ ಪೆರಾಕ್ಸಿಡೇಸ್ ಕೊಂಡೆ, 4,200 ರೂಪಾಯಿ. ನಮ್ಮ ಯಂತ್ರದ ದೀಪ ಬರಲೇ ಇಲ್ಲ. ನಗರದ ಇನ್ನೊಂದು ಸಂಸ್ಥೆಯಲ್ಲಿ ಹೊರಗಿನವರಿಗೂ ಸ್ಲಾಟ್ ಕೊಡುತ್ತಾರೆ ಎಂದು ತಿಳಿದು ಅರ್ಜಿ ಹಾಕಿದೆ. ಗೈಡ್ ಸಹಿ, ವಿಭಾಗದ ಮುದ್ರೆ, ಡಿಡಿ, ಐದು ವಾರದ ಕಾಯುವಿಕೆ. ಎರಡು ಗಂಟೆಯ ಸ್ಲಾಟಿಗೆ 3,600, ಮೇಲೆ ಜಿಎಸ್‌ಟಿ.

ಐಸ್ ಡಬ್ಬಿ ಮಡಿಲಲ್ಲಿಟ್ಟುಕೊಂಡು ಎರಡು ಬಸ್ ಬದಲಿಸಿ ಹೋದೆ. ಸ್ಯಾಂಪಲ್ ಇಟ್ಟು ಸ್ಕ್ಯಾನ್ ಶುರುವಾಯಿತು. 260 ನ್ಯಾನೋಮೀಟರಿನಿಂದ ಗೆರೆ ಚೆನ್ನಾಗಿ ಇಳಿಯಿತು. 220ರ ಹತ್ತಿರ ನಡುಗತೊಡಗಿ, ಅದರ ಕೆಳಗೆ ಪರದೆಯ ತುಂಬ ಮುಳ್ಳು. ಆಲ್ಫಾ ಹೆಲಿಕ್ಸಿನ (ಪ್ರೋಟೀನಿನ ಸುರುಳಿ ಭಾಗದ) ಗುರುತಾದ 222 ಮತ್ತು 208ರ ಎರಡು ಕಣಿವೆಗಳನ್ನು ಕಾಣಲು ಹೋದವಳಿಗೆ ಏನೂ ಕಾಣಲಿಲ್ಲ. ಅಲ್ಲಿದ್ದ ಆಪರೇಟರ್ ನನ್ನ ಕ್ಯುವೆಟ್ ತೆಗೆದು ನೋಡಿ ಕೇಳಿದರು: "ಯಾವ ಬಫರ್?" ಬಫರ್ ಎಂದರೆ ಆಮ್ಲತೆ ಬದಲಾಗದಂತೆ ಹಿಡಿಯುವ ದ್ರಾವಣ. ನನ್ನದು ಲ್ಯಾಬಿನಲ್ಲಿ ಎಲ್ಲದಕ್ಕೂ ಬಳಸುತ್ತಿದ್ದ ಪಿಬಿಎಸ್ (ಉಪ್ಪು ಬೆರೆತ ಫಾಸ್ಫೇಟ್ ಬಫರ್). ಅದರ ತುಂಬ ಉಪ್ಪು, ಉಪ್ಪಿನ ಕ್ಲೋರೈಡ್ ಆ ತರಂಗಾಂತರದ ಬೆಳಕನ್ನು ನುಂಗುತ್ತದೆ. ಜೊತೆಗೆ ನಾನು ಒಯ್ದದ್ದು 1 ಸೆಂಟಿಮೀಟರ್ ಕ್ಯುವೆಟ್, ಬೇಕಿದ್ದದ್ದು 1 ಮಿಲಿಮೀಟರ್. ಬೆಳಕು ಆಚೆ ತಲುಪಿಯೇ ಇರಲಿಲ್ಲ. ತರಗತಿಯಲ್ಲಿ ಇದರ ಸಿದ್ಧಾಂತವನ್ನು ಹತ್ತು ಅಂಕಕ್ಕೆ ಬರೆದು ಒಂಬತ್ತು ತೆಗೆದುಕೊಂಡಿದ್ದೆ. ಯಂತ್ರದ ಮುಂದೆ ಒಮ್ಮೆಯೂ ಕೂತಿರಲಿಲ್ಲ.

ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪನ ಫೋನ್ ಬಂತು, ಎತ್ತಲಿಲ್ಲ. 3,600 ರೂಪಾಯಿಗೆ ಎಷ್ಟು ಕಾಯಿ ಎಂದು ನನಗೆ ಗೊತ್ತು.

ಎರಡನೇ ಸ್ಲಾಟಿಗೆ ಮತ್ತೆ ನಾಲ್ಕು ವಾರ. ಈ ಸಲ 10 ಮಿಲಿಮೋಲಾರ್ ಫಾಸ್ಫೇಟ್ ಬಫರ್, ಉಪ್ಪಿಲ್ಲ. ಪ್ರೋಟೀನ್ ಮಿಲಿಲೀಟರಿಗೆ 0.2 ಮಿಲಿಗ್ರಾಂ, ಅದೂ ಹಿಂದಿನ ದಿನ ಅಳೆದು ಖಚಿತ ಮಾಡಿಕೊಂಡದ್ದು. 1 ಮಿಲಿಮೀಟರ್ ಕ್ಯುವೆಟ್ ಅವರಿಂದಲೇ ಬಾಡಿಗೆಗೆ. ಬರೀ ಬಫರಿನ ಸ್ಕ್ಯಾನ್ ಮೊದಲು, ಆಮೇಲೆ ಸ್ಯಾಂಪಲ್. ಗೆರೆ 222ರಲ್ಲಿ ಒಮ್ಮೆ ತಗ್ಗಿ, ಸ್ವಲ್ಪ ಎದ್ದು, 208ರಲ್ಲಿ ಮತ್ತೆ ತಗ್ಗಿತು. ಕಾಯಿಸುತ್ತಾ ಹೋದಂತೆ ಎರಡೂ ಕಣಿವೆಗಳು ತುಂಬಿಕೊಳ್ಳತೊಡಗಿದವು. ಕಾವಲಿಯ ಮೇಲಿನ ಮೊಟ್ಟೆಯಲ್ಲಿ ಆಗುವುದು ನನ್ನ ಕಣ್ಣ ಮುಂದೆ ಗೆರೆಯಾಗಿ ನಡೆಯುತ್ತಿತ್ತು. ಆಪರೇಟರ್ ಎದ್ದು ನಿಂತು ತಮ್ಮ ಕುರ್ಚಿ ನನಗೆ ಬಿಟ್ಟುಕೊಟ್ಟರು, ಕೊನೆಯ ಮೂರು ಸ್ಕ್ಯಾನ್ ನಾನೇ ತೆಗೆದೆ.

ಖರ್ಚನ್ನು ಹಾಗೇ ಬರೆಯುತ್ತೇನೆ. ಬೋಧನಾ ಶುಲ್ಕ ವರ್ಷಕ್ಕೆ 1,35,000. ಹಾಸ್ಟೆಲ್, ಊಟ ಸೇರಿ 95,000. ಪರೀಕ್ಷಾ ಶುಲ್ಕ ಸೆಮಿಸ್ಟರಿಗೆ 3,500, ಇದು ಬ್ರೋಷರಿನಲ್ಲಿ ಇರಲಿಲ್ಲ. ಕಾಷನ್ ಡಿಪಾಸಿಟ್ 10,000. ಪ್ರಾಜೆಕ್ಟಿಗೆ ನನ್ನ ಕೈಯಿಂದ 17,000 ದಾಟಿತು. ಥೀಸಿಸ್ ಐದು ಪ್ರತಿ, ಬಣ್ಣದ ಮುದ್ರಣ, ಬೈಂಡಿಂಗ್ ಸೇರಿ 4,800. ಎರಡು ವರ್ಷಕ್ಕೆ ಒಟ್ಟು ಐದು ಲಕ್ಷ ದಾಟಿತು, ಊರಿಗೆ ಹೋಗಿ ಬಂದದ್ದು ಬಿಟ್ಟು. ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ಗೇಟ್ 2025ಕ್ಕೆ ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಅರ್ಜಿ ಶುಲ್ಕ 900 ಇತ್ತು, ಉಳಿದವರಿಗೆ 1,800. ಬರೆದೆ, ಪಾಸಾದೆ, ರ‍್ಯಾಂಕ್ ದೊಡ್ಡದೇನಲ್ಲ. ಸಾಲದ ಮರುಪಾವತಿ ಕೋರ್ಸ್ ಮುಗಿದ ಒಂದು ವರ್ಷಕ್ಕೆ ಶುರುವಾಗುತ್ತದೆ, ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಸಾಧ್ಯವಿದ್ದವರು ಓದುವಾಗಲೇ ಆ ಬಡ್ಡಿಯನ್ನಷ್ಟು ಕಟ್ಟಿಕೊಂಡು ಹೋದರೆ ಆಮೇಲೆ ಹಗುರ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಚೇತರಿಸಿಕೊಂಡ ಕಿಣ್ವದ ಬಗ್ಗೆಯೇ ಅರ್ಧ ಗಂಟೆ ಕೇಳಿದರು. ಅದು ಚೆನ್ನಾಗಿ ಹೋಯಿತು, ಹೆಚ್ಚು ಹೇಳುವುದಿಲ್ಲ.

ಹೇಳಬೇಕಾದದ್ದು ಮೊನ್ನೆಯ ಸಂದರ್ಶನ. ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆ. ಹನ್ನೆರಡು ಜನ ಬಂದಿದ್ದರು, ಕೆಲವರು ದೊಡ್ಡ ಹೆಸರಿನ ಕಡೆಯವರು. ನನ್ನ ಬಯೋಡೇಟಾದಲ್ಲಿ ಸಿಡಿ ಎಂದು ಬರೆದಿದ್ದನ್ನು ನೋಡಿ ಒಬ್ಬರು ಕೇಳಿದರು: "ಯಂತ್ರವನ್ನು ನೀವೇ ನಡೆಸಿದ್ರಾ, ಇಲ್ಲ ಸ್ಯಾಂಪಲ್ ಕೊಟ್ಟು ಬಂದ್ರಾ?" ಮೊದಲ ಸ್ಲಾಟ್ ಹೇಗೆ ಹಾಳಾಯಿತು, ಕ್ಲೋರೈಡ್ ಏನು ಮಾಡಿತು, ಎರಡನೇ ಸಲ ಏನೇನು ಬದಲಿಸಿದೆ, ಒಂದನ್ನೂ ಬಿಡದೆ ಹೇಳಿದೆ. ಅವರು ಪಕ್ಕದವರ ಕಡೆ ನೋಡಿ ಏನೋ ಬರೆದುಕೊಂಡರು. ಶುಕ್ರವಾರ ಪತ್ರ ಬಂತು.

ಸೋಮವಾರ ಸೇರಬೇಕು. ಪ್ರೊವಿಷನಲ್ ಸರ್ಟಿಫಿಕೇಟ್, ಎಲ್ಲ ಅಂಕಪಟ್ಟಿಗಳ ಮೂಲಪ್ರತಿ, ಎರಡು ಸೆಟ್ ಜೆರಾಕ್ಸ್ ಕೇಳಿದ್ದಾರೆ. ಕಾಷನ್ ಡಿಪಾಸಿಟ್ ಇನ್ನೂ ಖಾತೆಗೆ ಬಂದಿಲ್ಲ, 45 ದಿನ ಎಂದಿದ್ದಾರೆ. ಅರ್ಜಿಯ ಸ್ವೀಕೃತಿ ಪ್ರತಿ ನನ್ನ ಹತ್ತಿರ ಇದೆ, ನೀವೂ ಇಟ್ಟುಕೊಳ್ಳಿ.